ಸುಳ್ಳು ಎಚ್ಚರಿಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಹೊಲಗಳಲ್ಲಿ ಕೀಟನಾಶಕವನ್ನು ಯಾರೂ ವಿಷ ಎನ್ನುವುದಿಲ್ಲ. 'ಔಷಧಿ ಹೊಡೀಬೇಕು' ಎನ್ನುತ್ತಾರೆ. ಅದನ್ನೇ ಯಾರಾದರೂ ಕುಡಿದರೆ ಮರುದಿನದ ಪತ್ರಿಕೆಯಲ್ಲಿ ಅದು ವಿಷ. ಡಬ್ಬಿ ಒಂದೇ, ಉದ್ದೇಶ ಬೇರೆ.

1997ರಲ್ಲಿ ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ ಯೋಚಿಸುವುದೂ ಹೆಚ್ಚೂಕಡಿಮೆ ಹೀಗೇ. ವಿಷ ರಾಸಾಯನಿಕವೊಂದು ಅಸ್ತ್ರವೋ ಅಲ್ಲವೋ ಎಂಬುದನ್ನು ಅದನ್ನು ಯಾತಕ್ಕೆ ಇಟ್ಟುಕೊಂಡಿದ್ದಾರೆ ಎನ್ನುವುದು ತೀರ್ಮಾನಿಸುತ್ತದೆ. ಕೃಷಿಗೆ ವಿನಾಯಿತಿ ಇದೆ, ಇರಲೇಬೇಕು. ಆದರೆ 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಹುಡುಕುತ್ತಿದ್ದದ್ದು ಕೀಟನಾಶಕವನ್ನೇ. ಸಿಕ್ಕಿದ್ದು ಟಬುನ್ ಎಂಬ ನರವಿಷ.

ನರಗಳ ಸಂದೇಶ ತಲುಪಿದ ಮೇಲೆ ಅದನ್ನು ಅಳಿಸಿಹಾಕುವ ಕಿಣ್ವದ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಸರಿನ್ ಅದನ್ನು ಕಟ್ಟಿಹಾಕುತ್ತದೆ, ಮೊನೊಕ್ರೊಟೊಫಾಸ್ ಕೂಡ. ಈ ಕಿಣ್ವವನ್ನು ಎಲೆಕ್ಟ್ರೋಡಿನ ಮೇಲೆ ಕೂರಿಸಿದರೆ ಒಂದು ಜೈವಿಕ ಸಂವೇದಕ. ಕಿಣ್ವದ ಕೆಲಸ ಎಷ್ಟು ಕುಗ್ಗಿತು ಎಂಬುದರಿಂದ ವಿಷವನ್ನು ಅಳೆಯುತ್ತೇವೆ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಆಹಾರದಲ್ಲಿನ ಕೀಟನಾಶಕ ಪತ್ತೆಗೆ ಇಂಥವುಗಳ ಮೇಲೆ ಕೆಲಸ ನಡೆದಿದೆ. ಕಿಣ್ವಕ್ಕೆ ಒಪ್ಪಂದ ಗೊತ್ತಿಲ್ಲ, ಉದ್ದೇಶವನ್ನೂ ಅದು ಕೇಳುವುದಿಲ್ಲ.

ಯುದ್ಧವಿಷಕ್ಕೆಂದು ಮಾಡಿದ ಸಂವೇದಕ ಕೀಟನಾಶಕಕ್ಕೂ ಕೂಗಿಕೊಂಡರೆ ಅದನ್ನು 'ಸುಳ್ಳು ಎಚ್ಚರಿಕೆ' ಎನ್ನುವುದು ನಮ್ಮ ಶಾಸ್ತ್ರದ ರೂಢಿ. ನಾನೂ ಹಾಗೆಯೇ ಬರೆದೆ. ಬರೆದ ಮೇಲೆ ನೆನಪಾದದ್ದು ಅಪ್ಪ: ಬೆನ್ನಿನ ಪಂಪು ಇಳಿಸಿ, ಕಣ್ಣು ಮೂಗು ಸುರಿಯುತ್ತ, ತಲೆ ಹಿಡಿದು ಜಗುಲಿಯಲ್ಲಿ ಕೂರುತ್ತಿದ್ದ ಸಂಜೆಗಳು. ಅಲ್ಲಿ ಸಂವೇದಕ ಕೂಗಿದ್ದರೆ ಅದರಲ್ಲಿ ಸುಳ್ಳೇನಿತ್ತು? 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತರು. ಅದರಲ್ಲಿ ಬೆರೆತದ್ದೂ ಕೀಟನಾಶಕವೇ.

ಸೈನಿಕನ ಕಷ್ಟವೂ ನಿಜ. ಹೊಲ ದಾಟುವಾಗಲೆಲ್ಲ ಕೂಗುವ ಯಂತ್ರವನ್ನು ಅವನು ನಾಲ್ಕನೇ ದಿನಕ್ಕೆ ಆರಿಸಿಬಿಡುತ್ತಾನೆ. ಹಾಗಾಗಿ ಎರಡನ್ನೂ ಬೇರ್ಪಡಿಸಿ ಹೇಳುವ ಸಂವೇದಕ ಬೇಕು, ಒಪ್ಪುತ್ತೇನೆ. ಬೇರ್ಪಡಿಸುವುದು ಒಂದು, ಬೇರ್ಪಡಿಸಿದ್ದನ್ನು ಲೆಕ್ಕದಿಂದ ತೆಗೆದುಹಾಕುವುದು ಇನ್ನೊಂದು. ನನ್ನ ತಕರಾರು ಎರಡನೆಯದರ ಬಗ್ಗೆ.

ರೈತರ ಕೈಗೂ ಅಗ್ಗದ ಪಟ್ಟಿಯೊಂದು ಬಂದರೆ ಹೇಗೆ ಎಂದು ಅಪ್ಪನನ್ನು ಕೇಳಿದೆ. 'ಗೊತ್ತಾಯ್ತು ಅನ್ಕೊ ಮಗ, ಹುಳ ಬುಟ್ಬುಡ್ತದಾ?' ಎಂದರು. ಸಾಲ ತೀರಿಸಬೇಕಾದವನಿಗೆ ಅಪಾಯದ ಅಳತೆಯನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವುದು ನ್ಯಾಯವೇ? ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಬಂಧದಲ್ಲಿ 'ಸುಳ್ಳು ಎಚ್ಚರಿಕೆ' ಎಂಬುದನ್ನು ಹೊಡೆದುಹಾಕಿ 'ಬೇರೆ ವಿಷದ ಎಚ್ಚರಿಕೆ' ಎಂದು ಬರೆದೆ. ರೂಢಿಯಲ್ಲಿಲ್ಲದ ಮಾತೆಂದು ಮಾರ್ಗದರ್ಶಕರು ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದಾರೆ. ಇನ್ನೂ ತಿದ್ದಿಲ್ಲ.