ಬೇರಿಂಗ್ ನೋಡ್ತಿದೀನಿ ಅಂದೆ

ಹಳೇ ಜೀಪಿನ ಹಿಂದಿನ ಒಂದು ಚಕ್ರವನ್ನು ಜಾಕಿ ಕೊಟ್ಟು ಎತ್ತಿ, ಇನ್ನೊಂದನ್ನು ನೆಲದ ಮೇಲೇ ಬಿಡಬೇಕು. ಗೇರ್ ನ್ಯೂಟ್ರಲ್. ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಎಣಿಸಬೇಕು. ಒಂದು ಚಕ್ರ ನಿಂತಿದ್ದಾಗ ಇನ್ನೊಂದು ಎರಡು ಸುತ್ತು ಹೋದರೆ ಒಳಗಿನ ಕ್ರೌನ್ ಒಂದು ಸುತ್ತು ಹೋಗುತ್ತದೆ. ಡಿಫರೆನ್ಷಿಯಲ್ ಅನ್ನುವುದರ ಇಡೀ ಗುಟ್ಟೇ ಅದು. ಹಾಗಾಗಿ ಶಾಫ್ಟಿನ ಸುತ್ತೇ ಆ ಆಕ್ಸಲ್‌ನ ರೇಶಿಯೋ. ಐದಕ್ಕಿಂತ ಒಂಚೂರು ಕಮ್ಮಿ ಬಂದರೆ 4.88, ಅಂದರೆ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಐದು ದಾಟಿ ಮೇಲೆ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಬಂದರೆ 5.38. ಅದು 43ಕ್ಕೆ 8.

ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹೊಂಗೆ ಮರದ ಕೆಳಗೆ ನಿಂತಿದ್ದ ಒಂದು ಜೀಪಿಗೆ ನಾನು ಹೀಗೆ ಮಾಡ್ತಾ ಇದ್ದೆ. ಎಂಜಿನ್ ಯಾವತ್ತೋ ಬಿಚ್ಚಿ ಮಾರಿದ್ದರು. ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿತ್ತು. ಶಾಫ್ಟಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆ. ಐದಕ್ಕಿಂತ ಒಂಚೂರು ಕಮ್ಮಿ. ಎದೆ ಒಮ್ಮೆ ಜೋರಾಗಿ ಹೊಡ್ಕೊಂತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ ಅಜ್ಜ, "ಏನಪ್ಪಾ ಅದು, ಚಕ್ರ ತಿರುಗಿಸ್ತಾ ಲೆಕ್ಕ ಹಾಕ್ತಿದೀಯ?" ಅಂದರು.

"ಬೇರಿಂಗ್ ಇದೆಯಾ ನೋಡ್ತಿದೀನಿ" ಅಂದೆ.

ಈ ಬರಹ ಆ ಮೂರು ಪದಗಳ ಬಗ್ಗೆ.

ನನ್ನ ಹತ್ತಿರ ಒಂದು ಹಳೇ ಮಹೀಂದ್ರ ಇದೆ. ವಾರಪೂರ್ತಿ ಬೆಂಗಳೂರಲ್ಲಿ ಕೋಡ್ ಬರೆದು, ಶನಿವಾರ ಕೆಸರಿನಲ್ಲಿ ಅದನ್ನು ಓಡಿಸುವುದು ನನ್ನ ಹುಚ್ಚು. ಹಿಂದಿನ ಮಾಲೀಕರು ಯಾವಾಗಲೋ ಅದಕ್ಕೆ ಹಳೇ ಪೆಟ್ರೋಲ್ ಜೀಪಿನ 5.38ರ ಜೋಡಿ ಕೂರಿಸಿದ್ದರು. ಗುಡ್ಡ ಹತ್ತೋಕೆ ಚೆಂದ. ಆದರೆ ಹೆಬ್ಬಾಳ ದಾಟಿ ಹೈವೇಗೆ ಬಂದರೆ ಎಂಜಿನ್ ಕಿರುಚುತ್ತೆ. ಅದೇ ವೇಗದಲ್ಲಿ 4.88 ಇದ್ದರೆ 3,000 ಸುತ್ತುತ್ತಿದ್ದ ಎಂಜಿನ್ ಸುಮಾರು 2,720ಕ್ಕೆ ಇಳಿಯುತ್ತದೆ. ಇದರ ಮೇಲೆ ಹಿಂದಿನ ಕ್ರೌನಿನ ಎರಡು ಹಲ್ಲು ಚಿಪ್ಪೆದ್ದಿತ್ತು. ಕ್ರೌನ್ ಮಾತ್ರ ಬದಲಿಸಿದರೆ ಆಗಲ್ವಾ ಅಂತ ನೀವು ಕೇಳಬಹುದು. ಆಗಲ್ಲ. ಕ್ರೌನು ಪಿನಿಯನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಗಂಡ ಹೆಂಡತಿ. ಬೇರೆ ಜೋಡಿಯದ್ದನ್ನು ತಂದು ಸೇರಿಸಿದರೆ ಗೊರ್ ಅಂತ ಅಳ್ತಾನೇ ಇರುತ್ತೆ. ಹಿಂದಿನದ್ದು ಮಾತ್ರ ಬದಲಿಸಿ ಮುಂದಿನದ್ದು ಹಾಗೇ ಬಿಡೋಣ ಅಂದರೆ, ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರಗಳೂ ಹಿಂದಿನವೂ ಬೇರೆ ಬೇರೆ ಲೆಕ್ಕದಲ್ಲಿ ತಿರುಗಲು ಹೊರಟು, ಗಟ್ಟಿ ನೆಲದಲ್ಲಿ ಟ್ರಾನ್ಸ್‌ಫರ್ ಕೇಸೇ ಮುರಿದುಕೊಳ್ಳುತ್ತೆ. ಹಾಗಾಗಿ ಬೇಕಾಗಿದ್ದು ಒಂದೇ ಜೀಪಿನ ಮುಂದಿನ ಹಿಂದಿನ ಎರಡೂ ಆಕ್ಸಲ್. ಬೆಂಗಳೂರಿನ ಗುಜರಿಗಳಲ್ಲಿ 55 ಸಾವಿರ ಹೇಳಿದ್ದರು. ಅದೂ ಎಲ್ಲಿಂದ ಬಂತು ಅಂತ ಕೇಳಬಾರದು ಅನ್ನೋ ಷರತ್ತಿನ ಮೇಲೆ. ಚಾಸಿಗೆ ನಂಬರಿದೆ, ಎಂಜಿನ್ನಿಗೆ ನಂಬರಿದೆ, ಆರ್‌ಸಿಯಲ್ಲಿ ಆಕ್ಸಲ್ಲಿಗೆ ಜಾಗವಿಲ್ಲ. ಕದ್ದ ಆಕ್ಸಲ್ ತಾನು ಕದ್ದದ್ದು ಅಂತ ಹೇಳಲ್ಲ.

ಅಜ್ಜನದ್ದು ಕದ್ದದ್ದಲ್ಲ, ಅದೇ ಅದರ ದೊಡ್ಡ ಗುಣ. ಅವರ ಮಗ ಒಂದು ಕಾಲದಲ್ಲಿ ಹಾಲಿನ ಕ್ಯಾನು, ಸಂತೆ ಜನ ಎಲ್ಲ ತುಂಬಿಕೊಂಡು ಓಡಿಸಿದ ಗಾಡಿ. ಈಗ ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿ ಹೋಗಿದ್ದ. ನಾನು ಅವನಿಗಿಂತ ಎರಡು ಸಾವಿರ ಜಾಸ್ತಿ ಕೊಟ್ಟೆ. ಒಟ್ಟು 28 ಸಾವಿರ. ಅಜ್ಜಿ ಮಜ್ಜಿಗೆ ಕೊಟ್ಟರು. ಟೆಂಪೋಗೆ ಎತ್ತುವಾಗ ಅಜ್ಜನೇ ಹಗ್ಗ ಹಿಡಿದರು.

ದಾರಿಯುದ್ದಕ್ಕೂ ನಾನು ಕಾನೂನು ಓದಿದೆ, ಮೊಬೈಲಿನಲ್ಲಿ. ತಪ್ಪು ಮಾಡಿದ ಎಂಜಿನಿಯರ್ ಡಾಕ್ಯುಮೆಂಟೇಶನ್ ಹುಡುಕ್ತಾನೆ, ಅಭ್ಯಾಸ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಸೆಕ್ಷನ್ ನನ್ನ ಪರವಾಗಿಯೇ ಇತ್ತು. ಬರೀ ಸುಮ್ಮನಿರುವುದು ವಂಚನೆಯಲ್ಲ, ಮಾತಾಡಲೇಬೇಕಾದ ಹೊಣೆ ಇದ್ದಾಗ ಮಾತ್ರ ಬೇರೆ ಮಾತು. ಅದಕ್ಕೆ ಕೊಟ್ಟಿರುವ ಉದಾಹರಣೆಗಳು ಸಖತ್ತಾಗಿವೆ. ಇಬ್ಬರು ವ್ಯಾಪಾರಿಗಳು, ಬೆಲೆ ಬದಲಾಗಿದೆ ಅಂತ ಒಬ್ಬನಿಗೆ ಮಾತ್ರ ಗೊತ್ತು. ಇನ್ನೊಬ್ಬನಿಗೆ ಹೇಳುವ ಬಾಧ್ಯತೆ ಅವನಿಗಿಲ್ಲ. ಇನ್ನೊಂದು, ಕುದುರೆಗೆ ಐಬಿದೆ ಅಂತ ಗೊತ್ತಿದ್ದೂ ಹರಾಜಿನಲ್ಲಿ ಬಾಯಿ ಬಿಡದೆ ಮಾರಿದವನು. ಅದೂ ವಂಚನೆಯಲ್ಲವಂತೆ! ಆದರೆ ಕೊಳ್ಳುವವನು, ನೀನು ಇಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂತ ತಿಳ್ಕೋತೀನಿ ಅಂದ ಮೇಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಅಜ್ಜ ಕೇಳಿದ್ದರಲ್ಲ. ನಾನು ಸುಮ್ಮನೂ ಇರಲಿಲ್ಲವಲ್ಲ.

ನಮ್ಮ ಜಿಲ್ಲೆಯಲ್ಲಿ ಬೆಳೆದವರಿಗೆ ಪ್ರಾಮಾಣಿಕತೆ ಅಂದರೆ ಮೊದಲು ಕಣ್ಣಿಗೆ ಬರೋದು ಎರಡು ಮೇಣದಬತ್ತಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಮೇಣದಬತ್ತಿ ಇಟ್ಟುಕೊಂಡಿದ್ದರು ಅಂತ ಸ್ಕೂಲಿನಲ್ಲಿ ಹೇಳದ ಮೇಷ್ಟ್ರಿಲ್ಲ. ನಡೆದದ್ದೋ ಕಟ್ಟಿದ್ದೋ, ಕಥೆ ದೊಡ್ಡದೇ. ಆದರೆ ನನಗೆ ಅದರ ಮೇಲೆ ಒಂದು ಸಣ್ಣ ತಕರಾರು. ಆ ಮೇಜಿನ ಆಚೆ ಕಡೆ ಯಾರೂ ಕೂತಿಲ್ಲ. ಎರಡೂ ಬತ್ತಿ, ಎರಡೂ ಕೆಲಸ, ಆರಿಸುವ ಕೈ ಎಲ್ಲ ಒಬ್ಬರದ್ದೇ. ನನಗೆ ಬೇಕಿದ್ದದ್ದು ಮಾರುವವನೊಬ್ಬ ಎದುರಿಗೆ ಕೂತಿರುವ ಕಥೆ.

ಅಂಥದ್ದು ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗಾಗಿ ಬರೆದ ಪುಸ್ತಕದಲ್ಲಿ ಸಿಕ್ಕಿತು. ರೋಡ್ಸ್ ದ್ವೀಪದಲ್ಲಿ ಬರ, ಧಾನ್ಯಕ್ಕೆ ಹುಚ್ಚು ರೇಟು. ಅಲೆಕ್ಸಾಂಡ್ರಿಯಾದಿಂದ ಒಬ್ಬ ವ್ಯಾಪಾರಿ ಹಡಗು ತುಂಬ ಧಾನ್ಯ ತರ್ತಾನೆ. ಹಿಂದೆ ಇನ್ನೂ ಹಡಗುಗಳು ಬರ್ತಿರೋದನ್ನ ಅವನು ಕಣ್ಣಾರೆ ನೋಡಿದಾನೆ. ಹೇಳಬೇಕಾ? ಡಯೋಜಿನಿಸ್ ಅನ್ನುವ ತತ್ವಜ್ಞಾನಿಯ ವಾದ: ಕಾನೂನು ಕೇಳಿದಷ್ಟು ಐಬು ಹೇಳಿದರೆ ಸಾಕು, ತಂದೆ, ಮಾರಿದೆ, ಮುಗೀತು. ಅವನ ಶಿಷ್ಯ ಆಂಟಿಪೇಟರ್ ಒಪ್ಪಲ್ಲ: ಮಾರುವವನಿಗೆ ಗೊತ್ತಿರೋದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು. ಸಿಸೆರೊ ಶಿಷ್ಯನ ಕಡೆ. ಪ್ರತಿ ಮೌನವೂ ಮುಚ್ಚಿಡುವುದಲ್ಲ, ಆದರೆ ಎದುರಿನವನಿಗೆ ಗೊತ್ತಾಗಬೇಕಾದದ್ದನ್ನು ನನ್ನ ಲಾಭಕ್ಕೋಸ್ಕರ ಗೊತ್ತಾಗದ ಹಾಗೆ ನೋಡಿಕೊಂಡರೆ ಅದು ಮುಚ್ಚಿಡುವುದೇ, ಅನ್ನುವ ಅರ್ಥದಲ್ಲಿ ಬರೆಯುತ್ತಾನೆ. ನನ್ನದು ಅವನ ಕಥೆಯ ತಿರುಗುಮುರುಗು. ಇಲ್ಲಿ ಹೆಚ್ಚು ಗೊತ್ತಿದ್ದವನು ಕೊಳ್ಳುವವನು.

ಕೊಳ್ಳುವವನಿಗೆ ಹೆಚ್ಚು ಗೊತ್ತಿರುವುದೇನು ಅಂತ ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ನಾವು ಶಿಡ್ಲಘಟ್ಟದ ಕಡೆ ರೇಷ್ಮೆಗೂಡು ಬೆಳೆದವರು. ತಾತನ ಕಾಲದಲ್ಲಿ ರೀಲರ್ ಕಡೆಯವರು ಚಂದ್ರಂಕಿ ಹತ್ತಿರಕ್ಕೇ ಬಂದು, ಗೂಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಮುಖ ಸಿಂಡರಿಸಿ ಒಂದು ರೇಟ್ ಹೇಳೋರಂತೆ. ಪೇಟೆಯಲ್ಲಿ ಅವತ್ತು ಏನು ನಡೆದಿದೆ ಅಂತ ಅವರಿಗೆ ಗೊತ್ತು, ತಾತನಿಗೆ ಗೊತ್ತಿಲ್ಲ. ಇದರ ವಿರುದ್ಧವೇ 1959ರ ಕಾಯ್ದೆ ಬಂತು, ಸರ್ಕಾರಿ ಗೂಡಿನ ಮಾರುಕಟ್ಟೆ ಬಂತು. ಲಾಟ್ ಮುಂದೆ ನಿಂತು ಎಲ್ಲರಿಗೂ ಕೇಳೋ ಹಾಗೆ ಕೂಗಬೇಕು. ರೇಟು ಹಿಡಿಸದಿದ್ದರೆ ಕೊಡಲ್ಲ ಅನ್ನುವ ಹಕ್ಕು ರೈತನಿಗಿದೆ. ಈಗಂತೂ ಹರಾಜು ಮೊಬೈಲಿಗೇ ಬಂದಿದೆ. ನಾನು ಬಿಇ ಓದಿದ್ದು ಆ ಹರಾಜಿನ ದುಡ್ಡಲ್ಲಿ. ಕಾಲೇಜು ಫೀಸಿನ ಹಿಂದಿನ ದಿನ ಅಪ್ಪ ಗೂಡಿನ ಮೂಟೆಯ ಪಕ್ಕ ನಿಂತು ಕೂಗು ಕೇಳ್ತಾ ಇದ್ದದ್ದು ನನಗೆ ನೆನಪಿದೆ. ಹೊಂಗೆ ಮರದ ಕೆಳಗೆ ನಾನು ತಾತನ ಚಂದ್ರಂಕಿಗೆ ಬಂದ ರೀಲರ್ ಆಗಿದ್ದೆ. ಬೇರಿಂಗ್ ನೋಡ್ತಿದೀನಿ ಅಂದದ್ದು ಗೂಡು ಅಲ್ಲಾಡಿಸಿ ಮುಖ ಸಿಂಡರಿಸಿದ್ದಕ್ಕೆ ಸಮ.

ಇದಕ್ಕೆ ನೀವು ಹೇಳಬಹುದಾದ ಉತ್ತರ ಗೊತ್ತಿದೆ, ನಾನೇ ಹೇಳ್ಕೊಂಡಿದ್ದೆ. ರೇಶಿಯೋ ಎಣಿಸೋದು ಕಲಿಯೋಕೆ ನನಗೆ ವರ್ಷಗಳು ಬೇಕಾಯ್ತು, ಆ ತಿಳಿವಳಿಕೆಗೆ ಬೆಲೆ ಇಲ್ವಾ? ಇದೆ. ಕಂಡದ್ದನ್ನೆಲ್ಲ ಹೇಳಿಬಿಡಬೇಕು ಅಂದರೆ ಯಾರೂ ಗುಜರಿಯಲ್ಲಿ ಒಳ್ಳೇ ವಸ್ತು ಹುಡುಕೋಕೇ ಹೋಗಲ್ಲ, ಎಲ್ಲ ಕರಗಿ ಕಬ್ಬಿಣ ಆಗುತ್ತೆ. ಈ ವಾದವನ್ನು ನಾನು ಇವತ್ತೂ ಪೂರ್ತಿ ಬಿಟ್ಟಿಲ್ಲ. ಆದರೆ ಅದು ಲಾಭದಲ್ಲಿ ನನಗೂ ಒಂದು ಪಾಲಿದೆ ಅಂತ ಹೇಳುತ್ತೆ, ಅಷ್ಟೇ. ಪೂರ್ತಿ ಪಾಲು ನನ್ನದು ಅಂತಲೂ ಹೇಳಲ್ಲ, ಕೇಳಿದಾಗ ಸುಳ್ಳು ಹೇಳು ಅಂತಲೂ ಹೇಳಲ್ಲ.

ಚಿಂತಾಮಣಿಯಲ್ಲಿ ನನ್ನ ಗಾಡಿ ನೋಡಿಕೊಳ್ಳುವ ಮೇಸ್ತ್ರಿ ಅಜ್ಜನ ಆಕ್ಸಲ್ ಬಿಚ್ಚಿದರು. ಹಲ್ಲಿನ ಮೇಲೆ ಪ್ರಷ್ಯನ್ ನೀಲಿ ಸವರಿ ತಿರುಗಿಸಿದಾಗ ಗುರುತು ಹಲ್ಲಿನ ನಟ್ಟನಡುವೆ ಬಿತ್ತು. ಶಿಮ್ ಕೂಡ ಮುಟ್ಟಬೇಡಿ ಸಾರ್, ಹೊಸದರ ಹಾಗಿದೆ ಅಂದರು. ನನ್ನ ಹಳೇ ಜೋಡಿ ಮೂಲೆಗೆ ಹೋಯಿತು. ಅದಕ್ಕೂ ಗಿರಾಕಿ ಬಂದ. ಹಳ್ಳಿಗಳಿಗೆ ಟೊಮೆಟೊ ಕ್ರೇಟು, ಕೂಲಿ ಜನ ಹೊಡೆಯುವ ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ವರ್ಷ ಇರಬಹುದು. 20 ಸಾವಿರಕ್ಕೆ ಒಪ್ಪಿದ.

ಆ ಜೋಡಿಯಲ್ಲಿ ಚಿಪ್ಪೆದ್ದ ಹಲ್ಲಿನ ಜೊತೆ ಇನ್ನೊಂದು ಐಬಿತ್ತು. ಹಿಂದಿನ ಶಾಫ್ಟಿನ ಹೊರತುದಿಯಲ್ಲಿ, ಕೀ ಕೂರುವ ಗಾಡಿಯ ಹತ್ತಿರ, ಕೂದಲಿನಷ್ಟು ಸಣ್ಣ ಬಿರುಕು. ಈ ಹಳೇ ಜೀಪುಗಳ ಹಿಂದಿನ ಆಕ್ಸಲ್ಲಿನಲ್ಲಿ ಗಾಡಿಯ ಭಾರ ಶಾಫ್ಟಿನ ಮೇಲೇ ಕೂರುತ್ತದೆ. ಶಾಫ್ಟ್ ಅಲ್ಲಿ ತುಂಡಾದರೆ ಚಕ್ರ ಡ್ರಮ್ಮಿನ ಸಮೇತ ಕಳಚಿ ಹೋಗುತ್ತದೆ. ಹಿಂದೆ ಹತ್ತು ಜನ ಕೂಲಿಯವರು ಕೂತಿದ್ದರೆ ಏನಾಗುತ್ತೆ ಅಂತ ನಾನು ಬರೆಯಬೇಕಿಲ್ಲ. ಹುಡುಗನಿಗೆ ಟಾರ್ಚ್ ಬಿಟ್ಟು ಬಿರುಕು ತೋರಿಸಿದೆ, ಹಲ್ಲು ತೋರಿಸಿದೆ. ಅವನ ಮುಖ ಇಳಿಯಿತು. ಹಿಂದಿನದ್ದು ಬೇಡ ಅಂದ. ಮುಂದಿನದ್ದು ಮಾತ್ರ 6 ಸಾವಿರಕ್ಕೆ ಒಯ್ದ. ಆ ಶಾಫ್ಟನ್ನು ಮೇಸ್ತ್ರಿಯ ಹತ್ತಿರ ಗ್ಯಾಸಿನಲ್ಲಿ ಎರಡು ತುಂಡು ಮಾಡಿಸಿದೆ, ಇನ್ಯಾರ ಗಾಡಿಗೂ ಹೋಗದಿರಲಿ ಅಂತ.

ನಿಜ ಹೇಳ್ತೀನಿ, ಅವತ್ತು ನನಗೆ ಬಹಳ ಹಿತವಾಗಿತ್ತು. ಬೆಲೆಯ ಮೌನ ಬೇರೆ, ಜೀವದ ಮೌನ ಬೇರೆ. ಮೊದಲನೆಯದರಲ್ಲಿ ಎಡವಿದರೂ ಎರಡನೆಯದರಲ್ಲಿ ಗಟ್ಟಿ ನಿಂತೆ ಅಂತ ಒಳಗೇ ಒಂದು ಸಿದ್ಧಾಂತ ಕಟ್ಟಿಕೊಂಡೆ. ಟೀ ಕುಡೀತಾ ಮೇಸ್ತ್ರಿಗೂ ಹೇಳಿದೆ. ನೋಡಿ, 14 ಸಾವಿರ ಬಿಟ್ಟೆ ಅಂದೆ.

ಮೇಸ್ತ್ರಿ ಲೋಟ ಕೆಳಗಿಟ್ಟು, "ನೀವೆಲ್ಲಿ ಬಿಟ್ರಿ ಸಾರ್? ಆ ಅಜ್ಜನ ಹತ್ರ ಅದಕ್ಕಿಂತ ಜಾಸ್ತಿ ಉಳಿಸಿದ್ರಲ್ಲ" ಅಂದರು. ವ್ಯಂಗ್ಯವೇನೂ ಇರಲಿಲ್ಲ. ಲೆಕ್ಕ ಹೇಳಿದರು ಅಷ್ಟೆ. ಮತ್ತೆ ಸ್ಪ್ಯಾನರ್ ಹಿಡ್ಕೊಂಡು ಗಾಡಿ ಕೆಳಗೆ ನುಗ್ಗಿದರು.

ನಾನು ಅಲ್ಲೇ ಕೂತಿದ್ದೆ. ಬೆಂಗಳೂರಿನ ರೇಟು 55, ನಾನು ಕೊಟ್ಟದ್ದು 28. ಉಳಿದ 27ರಲ್ಲಿ 14ನ್ನು ಹುಡುಗನ ಮುಂದೆ ಒಳ್ಳೆಯವನಾಗೋಕೆ ಖರ್ಚು ಮಾಡಿ, ಇನ್ನೂ 13 ಜೇಬಲ್ಲಿಟ್ಟುಕೊಂಡು, ಹೆಮ್ಮೆ ಪಡ್ತಾ ಇದ್ದೆ. ನನ್ನ ಪ್ರಾಮಾಣಿಕತೆಯ ಬಿಲ್ಲು ಗೌರಿಬಿದನೂರಿಗೆ ಹೋಗಿತ್ತು. ಇದಾದ ಮೇಲೆ ಆಫೀಸಿನಲ್ಲೂ ಒಂದೆರಡು ಕಡೆ ಇದೇ ಲೆಕ್ಕ ಕಣ್ಣಿಗೆ ಬೀಳತೊಡಗಿತು. ತನಗೆ ಸಿಗುವ ಸಂಬಳ ಮಾರುಕಟ್ಟೆಯಲ್ಲಿ ಎಷ್ಟು ಕಮ್ಮಿ ಅಂತ ಗೊತ್ತಿಲ್ಲದ ಹೊಸ ಹುಡುಗಿಯನ್ನು ಇಂಟರ್‌ವ್ಯೂ ಮಾಡಿ, ಅವಳು ಕೇಳಿದಷ್ಟೇ ಕೊಡಿ ಅಂತ ಬರೆದಿದ್ದವನು ನಾನೇ. ಇರ್ಲಿ, ಅದು ಇನ್ನೊಂದು ದಿನದ ಮಾತು.

ಎರಡು ಶನಿವಾರ ಹೊರಟು ಹೊರಟು ಬಿಟ್ಟೆ. ಹೋಗಿ ಏನಂತ ಹೇಳೋದು? ಮೂರನೇ ಶನಿವಾರ ಅದೇ ಜೀಪಿನಲ್ಲಿ ಹೋದೆ. ಚಿಕ್ಕಬಳ್ಳಾಪುರದವರೆಗೂ ಹೈವೇಯಲ್ಲಿ ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು. ಅದರ ಸುಖವೇ ಚುಚ್ಚುತ್ತಿತ್ತು. ಹೊಂಗೆ ಮರದ ಕೆಳಗೆ ಜೀಪಿದ್ದ ಜಾಗದಲ್ಲಿ ಎಣ್ಣೆ ಕಲೆ ಇನ್ನೂ ಇತ್ತು. ಅಜ್ಜ ಜಗಲಿ ಮೇಲೆ ಕೂತು ಕಡಲೆಕಾಯಿ ಬಿಡಿಸ್ತಾ ಇದ್ದರು. ಅವತ್ತು ನಾನು ನೋಡಿದ್ದು ಬೇರಿಂಗ್ ಅಲ್ಲ ಅಂದೆ. ಏನು ಎಣಿಸಿದೆ, ಅದರಿಂದ ಏನು ಗೊತ್ತಾಗುತ್ತೆ, ಬೆಂಗಳೂರಲ್ಲಿ ಅದಕ್ಕೆ ಎಷ್ಟು ಹೇಳ್ತಾರೆ, ಎಲ್ಲ ಹೇಳಿ 15 ಸಾವಿರ ಮುಂದಿಟ್ಟೆ. ಸಾಗಿಸಿದ್ದು, ಬಿಚ್ಚಿಸಿದ್ದು ಕಳೆದು ಹೀಗೆ ಲೆಕ್ಕ ಹಾಕಿದೀನಿ, ಸರಿಯಿಲ್ಲ ಅನಿಸಿದರೆ ಹೇಳಿ ಅಂದೆ.

ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ನಾನು ಎರಡಕ್ಕೂ ತಯಾರಾಗಿ ಹೋಗಿದ್ದೆ. ಕೈ ಒರೆಸಿಕೊಂಡು ನೋಟನ್ನು ಎರಡು ಸಲ ಎಣಿಸಿ, ಒಳಗೆ ಅಜ್ಜಿಗೆ ಕೊಟ್ಟು ಬಂದು, ಕಡಲೆಕಾಯಿ ಮೊರ ನನ್ನ ಕಡೆ ಸರಿಸಿದರು. ಸ್ವಲ್ಪ ಹೊತ್ತು ಬಿಟ್ಟು ತೆಲುಗಿನಲ್ಲಿ ಕೇಳಿದರು, "ಇಂಕಾ ಏಮೇಮುಂಡಿಂದಪ್ಪಾ ದಾಂಟ್ಲೋ?" ಇನ್ನೂ ಏನೇನಿತ್ತಪ್ಪಾ ಅದರಲ್ಲಿ?

ಸ್ಟೀರಿಂಗ್ ಬಾಕ್ಸಿತ್ತು. ಟ್ರಾನ್ಸ್‌ಫರ್ ಕೇಸಿತ್ತು, ಮೇಸ್ತ್ರಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಶೆಲ್ಫಿನ ಮೇಲೆ ಇಟ್ಟಿದ್ದರು. ಮುಂದಿನ ಸ್ಪ್ರಿಂಗು ಚೆನ್ನಾಗಿದ್ದವು. ನಾನು ಒಂದು ಕಡಲೆಕಾಯಿ ಬಿಡಿಸಿ, ಸ್ಟೀರಿಂಗ್ ಬಾಕ್ಸಿನಿಂದ ಶುರು ಮಾಡಿದೆ.