ಮುಷ್ಟಿ ಬಿಚ್ಚಿದ ಕೈ



ಯೇಸುಸ್ವಾಮಿಯನ್ನು ಬಂಧಿಸಲು ಜನ ಬಂದ ಆ ರಾತ್ರಿ ಪೇತ್ರರು ಕತ್ತಿ ಹಿರಿದು, ಪ್ರಧಾನಯಾಜಕನ ಆಳಾದ ಮಾಲ್ಕನ ಬಲಗಿವಿಯನ್ನು ಕತ್ತರಿಸಿಬಿಟ್ಟರು. ಅವರ ಉದ್ದೇಶ ಕೆಟ್ಟದ್ದಲ್ಲ. ಗುರುವನ್ನು ಕಾಪಾಡಬೇಕೆಂಬ ಪ್ರೀತಿಯೇ ಆ ಕೈಯನ್ನು ಎತ್ತಿಸಿತು. ಆದರೂ ಕತ್ತಿಯನ್ನು ಒರೆಗೆ ಸೇರಿಸಲು ಸ್ವಾಮಿ ಆಜ್ಞಾಪಿಸಿದರು.

ಇದನ್ನು ಧ್ಯಾನಿಸುವಾಗ ದೂರದೇಶದ ಆಟಗಾರರೊಬ್ಬರು ನೆನಪಾಗುತ್ತಾರೆ. ಕೆನಡಾ, ಅಮೆರಿಕ ದೇಶಗಳಲ್ಲಿ ಮಂಜುಗಡ್ಡೆಯ ಅಂಗಳದ ಮೇಲೆ ಐಸ್ ಹಾಕಿ ಆಡುತ್ತಾರೆ. ತನ್ನ ತಂಡದವರ ಮೇಲೆ ಎದುರಾಳಿ ಕೈಮಾಡಿದರೆ ಮುಷ್ಟಿಯಿಂದಲೇ ಉತ್ತರ ಕೊಡುವ ಒಬ್ಬ ಆಟಗಾರ ಅಲ್ಲಿನ ತಂಡಗಳಲ್ಲಿ ಇರುತ್ತಿದ್ದ. ಅವನಿಗೆ 'ಎನ್‌ಫೋರ್ಸರ್' ಎಂದು ಹೆಸರು. ಕಾದಾಡಿದವನು ಐದು ನಿಮಿಷ ಆಟ ಬಿಟ್ಟು ಶಿಕ್ಷೆಯ ಕಟಕಟೆಯಲ್ಲಿ ಕೂರಬೇಕು.

1951ರಲ್ಲಿ ಕೆನಡಾದಲ್ಲಿ ಹುಟ್ಟಿದ ಟೆರ್ರಿ ಓರೈಲಿ ಅಂಥವರಲ್ಲೊಬ್ಬರು. ಬಾಸ್ಟನ್ ಬ್ರೂಯಿನ್ಸ್ ತಂಡಕ್ಕಾಗಿ ಆಡಿದ 891 ಪಂದ್ಯಗಳಲ್ಲಿ ಅವರು ಪಡೆದ ಶಿಕ್ಷೆ 2,095 ನಿಮಿಷ. ಅಂದರೆ ಸುಮಾರು 35 ಗಂಟೆ! 1979ರ ಡಿಸೆಂಬರ್ 23ರಂದು, ಕ್ರಿಸ್ತಜಯಂತಿಗೆ ಎರಡೇ ದಿನ ಇರುವಾಗ, ನ್ಯೂಯಾರ್ಕಿನಲ್ಲಿ ಜೊತೆಗಾರನೊಬ್ಬನ ಮೇಲೆ ಪ್ರೇಕ್ಷಕ ಕೈಮಾಡಿದನೆಂದು ಗಾಜಿನ ತಡೆಗೋಡೆ ಹತ್ತಿ ಜನರ ನಡುವೆಯೇ ನುಗ್ಗಿದರು. ಅದಕ್ಕಾಗಿ ಎಂಟು ಪಂದ್ಯಗಳ ನಿಷೇಧ ಅನುಭವಿಸಿದರು.

1986ರಲ್ಲಿ ಅದೇ ತಂಡಕ್ಕೆ ಅವರು ತರಬೇತುದಾರರಾದರು. 1988ರಲ್ಲಿ ತಂಡವನ್ನು ಸ್ಟ್ಯಾನ್ಲಿ ಕಪ್‌ನ ಅಂತಿಮ ಹಂತಕ್ಕೆ ಕರೆದೊಯ್ದರು. ಅಲ್ಲಿ ಎಡ್ಮಂಟನ್ ತಂಡ ಗೆದ್ದಿತು. ಮರುವರ್ಷ ಓರೈಲಿ ಆ ಹುದ್ದೆಯನ್ನೇ ಬಿಟ್ಟರು. ಕಾರಣ, ಅವರ ಮಗನಿಗೆ ಯಕೃತ್ತಿನ ಕಾಯಿಲೆ. ಮನೆಯವರ ಜೊತೆ, ಮಗನ ಬಳಿ ಇರಲು ಅವರು ಹೊರಟರು.

ಯೋಚಿಸಿ ನೋಡಿ. ಕಾಯಿಲೆಯನ್ನು ಯಾವ ಮುಷ್ಟಿ ಹೊಡೆದು ಉರುಳಿಸೀತು? ಅಲ್ಲಿ ಬೇಕಾದದ್ದು ಹಣೆಯ ಮೇಲೆ ಇಡುವ ಕೈ, ಲೋಟ ಹಿಡಿಯುವ ಕೈ, ಜೋಡಿಸುವ ಕೈ. ತಂಡದ ಕಾವಲಿಗೆ ನಿಂತವರು ಈಗ ಮಗನ ಕಾವಲಿಗೆ ನಿಂತರು. ಕಾಯುವ ಪ್ರೀತಿ ಹಳೆಯದೇ, ಕಾಯುವ ರೀತಿ ಬೇರೆ.

ಪೇತ್ರರಿಗೂ ಹೀಗೇ ಆಯಿತು. ಪುನರುತ್ಥಾನರಾದ ಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಅವರ ಪ್ರೀತಿಯನ್ನು ಮೂರು ಸಲ ಕೇಳಿ ತಿಳಿದು, ಕುರಿಗಳನ್ನು ಅವರ ವಶಕ್ಕೆ ಕೊಟ್ಟರು. ಕತ್ತಿ ಹಿಡಿದಿದ್ದ ಕೈಗೆ ಸಿಕ್ಕಿದ್ದು ಕುರಿ ಮೇಯಿಸುವ ಕೆಲಸ.

'ನಾನು ಹೊಡೆಯುವುದು ಅವರ ಒಳ್ಳೆಯದಕ್ಕೇ ಫಾದರ್' ಎನ್ನುವ ತಂದೆಯರು ನಮ್ಮಲ್ಲಿಯೂ ಇದ್ದಾರೆ. ಪ್ರೀತಿ ಇದ್ದೀತು, ಅಲ್ಲಗಳೆಯುವುದಿಲ್ಲ. ಆದರೆ ಅಪ್ಪನ ಹೆಜ್ಜೆಯ ಸಪ್ಪಳ ಕೇಳಿದೊಡನೆ ಮಕ್ಕಳು ಮೂಲೆ ಸೇರುವ ಮನೆಯಲ್ಲಿ ಆ ಪ್ರೀತಿ ಯಾರಿಗೆ ಕಾಣಿಸೀತು? ಮಗುವಿಗೆ ಜ್ವರ ಬರುವ ತನಕ ಕಾಯಬೇಡಿ. ಇಂದಿನ ಜಪಸರ ಮುಗಿದ ಮೇಲೆ ಮಗುವನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ. ತಪ್ಪಾಗಿದ್ದರೆ ಕ್ಷಮೆ ಕೇಳಿ. ಅದರಿಂದ ತಂದೆಯ ಗೌರವ ಕುಂದುವುದಿಲ್ಲ.

ಪ್ರಭುವೇ, ನಮ್ಮ ಕೈಗಳ ಬಿಗಿಯನ್ನು ಸಡಿಲಿಸಿ, ನೀವು ನಮಗೆ ಒಪ್ಪಿಸಿದವರನ್ನು ಸಲಹಲು ಕಲಿಸಿರಿ. ಆಮೆನ್.