ಹಾಡಿದ್ದನ್ನೇ ಹಾಡುವುದು

'ಹಾಡಿದ್ದೇ ಹಾಡೋ ಕಿಸಬಾಯಿ ದಾಸ' ಅಂತ ಹಿರಿಯರು ಒಂದು ಗಾದೆ ಮಾಡಿ ಇಟ್ಟಾರ. ಒಂದೇ ಮಾತನ್ನು ತಿರುತಿರುಗಿ ಹೇಳುವವರನ್ನು ಕಂಡರೆ ನಾವು ಈ ಗಾದೆ ಹೇಳಿ ನಗುತ್ತೇವೆ. ಆದರೆ ಹಾಡಿದ್ದನ್ನೇ ಹಾಡುವುದು ಯಾವಾಗಲೂ ದಂಡವೇ? ಒಂದರ ಕೆಲಸ ನಮ್ಮ ಕಣ್ಣಿಗೆ ಕಾಣಲಿಲ್ಲ ಅಂದಮಾತ್ರಕ್ಕೆ ಅದನ್ನು ಕೆಲಸಕ್ಕೆ ಬಾರದ್ದು ಅನ್ನಬಹುದೇ? ನಾನು ಏಳನೆಯ ಇಯತ್ತೆ ಕಲಿತವನು. ನನಗೆ ಗೊತ್ತಿರೋದು ಹೊಲ ಮತ್ತು ಗೀಗೀ ಪದ. ಇಲ್ಲಿ ಹೇಳುವ ವಿಜ್ಞಾನದ ಮಾತನ್ನು ವಾಚನಾಲಯದ ಪುಸ್ತಕ ಓದಿ, ತಿಳಿಯದ್ದನ್ನು ಮಾಸ್ತರರಿಗೆ ಕೇಳಿ ತಿಳಕೊಂಡೀನಿ.

ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲಾ ಜೀವಕೋಶಗಳಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಅದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಪೋಥಿ ಇದ್ದಂಗ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದೊಂದರಲ್ಲಿ ಸುಮಾರು 300 ಕೋಟಿ ಅಕ್ಷರ. ಇಷ್ಟು ದೊಡ್ಡ ಪೋಥಿಯಲ್ಲಿ ಮೈಗೆ ಬೇಕಾದ ಪ್ರೋಟೀನು ಹೆಂಗ ಕಟ್ಟಬೇಕು ಅಂತ ಹೇಳುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ. ಸುಮಾರು ಅರ್ಧ ಪೋಥಿಯಲ್ಲಿ ಬರೆದದ್ದನ್ನೇ ಮತ್ತ ಮತ್ತ ಬರೆದೈತಿ. 1972ರಲ್ಲಿ ಸುಸುಮು ಓನೋ ಎಂಬ ವಿಜ್ಞಾನಿ, ಕೆಲಸ ಕಾಣದ ಡಿಎನ್‌ಎಗೆ 'ಅಡಗಲು ಸಾಮಾನು' ಎಂಬ ಅರ್ಥದ ಹೆಸರು ಕೊಟ್ಟರು. ಆ ಹೆಸರು ಬಹಳ ದಿನ ನಡೆಯಿತು.

ಆದರೆ ಅದಕ್ಕೂ ಮೊದಲೇ ಅಮೆರಿಕಾದ ಬಾರ್ಬರಾ ಮೆಕ್‌ಕ್ಲಿಂಟಾಕ್ ಎಂಬ ಹೆಣ್ಣುಮಗಳು ಗೊಂಜಾಳದ ಗಿಡ ಬೆಳೆಸಿ ನೋಡುತ್ತಿದ್ದಳು. ಡಿಎನ್‌ಎ ಎಳೆಗಳು ಜೀವಕೋಶದಾಗ ವರ್ಣತಂತು ಎಂಬ ತುಂಡುಗಳಾಗಿ ಸುತ್ತಿಕೊಂಡಿರುತ್ತವೆ. ವರ್ಣತಂತು ನಡುವೆ ಮುರಿದರೆ ಮುರಿದ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಕೋಶ ಎರಡಾಗುವಾಗ ಮತ್ತೆ ಹರಿಯುತ್ತಿದ್ದವು. ಹುಟ್ಟಿನಿಂದ ಬಂದ ತುದಿಗಳು ಮಾತ್ರ ಹಂಗ ಅಂಟುತ್ತಿರಲಿಲ್ಲ. ಆ ತುದಿಯಾಗ ಏನೈತಿ ಅಂತ 1978ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ನೋಡಿದರು, ಒಂದೇ ಕೋಶದ ನೀರಿನ ಜೀವಿಯಲ್ಲಿ. ಅಲ್ಲಿ ಇದ್ದದ್ದು ಆರು ಅಕ್ಷರದ ಒಂದೇ ಮಾತು, ಸಾಲಾಗಿ, ಮತ್ತ ಮತ್ತ. ಮನುಷ್ಯರಲ್ಲಿ ಅದು ಟಿ ಟಿ ಎ ಜಿ ಜಿ ಜಿ. ಈ ತುದಿಗೆ ಟೆಲೊಮಿಯರ್ ಅಂತಾರ. ಈ ಕೆಲಸಕ್ಕೆ 2009ರಲ್ಲಿ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜಾಕ್ ಶೋಸ್ಟಾಕ್ ಮೂವರಿಗೆ ನೊಬೆಲ್ ಬಂತು.

ರೈತನಿಗೆ ಇದು ತಿಳಿಯಲಾರದ್ದೇನಲ್ಲ. ನೇಗಿಲು ಹೊಡೆಯುವಾಗ ಎತ್ತು ತಿರುಗಿಸುವ ಕೊನೆಯ ಜಾಗ ಪೂರಾ ಉಳುಮೆ ಆಗೋದಿಲ್ಲ. ಹಂಗ ಕೋಶ ಎರಡಾಗುವಾಗ ಎಳೆಯ ನಕಲು ತೆಗೆಯುವ ಯಂತ್ರಕ್ಕೂ ಕಟ್ಟಕಡೆಯ ತುದಿ ಸಿಗುವುದಿಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ ಕಡಿಮೆ ಆಗುತ್ತ ಹೋಗುತ್ತದೆ. ತುದಿಯಾಗ ಬೆಲೆಯುಳ್ಳ ಮಾತು ಇದ್ದಿದ್ದರೆ ಅದೇ ಕಳೆದುಹೋಗುತ್ತಿತ್ತು. ನಾವು ಬಿಳಿಜೋಳದ ಸುತ್ತ ಮುಳ್ಳಿನ ಕುಸುಬಿ ಸಾಲು ಹಾಕುತ್ತೇವೆ. ದನ ಬಾಯಿ ಹಾಕಿದರೂ ದಂಡಿಯ ಸಾಲಿಗೆ ಹಾಕಬೇಕು, ನಡುವಿನ ಬೆಳೆ ಉಳೀಬೇಕು. ಟೆಲೊಮಿಯರ್ ಅಂದ್ರ ಜೀವದ ಹೊಲದ ಕುಸುಬಿ ಸಾಲು.

ನಮ್ಮ ಗೀಗೀ ಮೇಳದಾಗೂ ಇದೇ ಐತಿ. ಮುಂದಿನವನು ಡಪ್ಪು ಬಡಿದು ನುಡಿ ಹೇಳುತ್ತಾನೆ. ತುಂತುಣಿ, ತಾಳದವರು ಗೀಗೀ ಅಂತ ಸೊಲ್ಲು ಹಿಡಿಯುತ್ತಾರೆ. ಆ ಸೊಲ್ಲಿಗೆ ಅರ್ಥ ಹುಡುಕಿದರೆ ಏನೂ ಸಿಗುವುದಿಲ್ಲ. ಆದರೆ ಪದಕ್ಕೆ ಹೆಸರು ಬಂದದ್ದೇ ಅದರಿಂದ. ಸೊಲ್ಲು ಇದ್ದರೆ ಶ್ರುತಿ ಇಳಿಯುವುದಿಲ್ಲ, ತಾಳ ತಪ್ಪುವುದಿಲ್ಲ, ಮುಂದಿನವನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿ ನೆನಪಾಗುತ್ತದೆ. ಸೊಲ್ಲು ಬಿಟ್ಟು ಬರೇ ಕಥೆ ಹಾಡ್ರಿ ಅಂದರೆ ನಾಲ್ಕು ನುಡಿಗೆ ಮೇಳ ಚದುರಿ ಹೋಗುತ್ತದೆ.

ಹಂಗಂತ ತಿರುಗಿ ಹೇಳಿದ್ದೆಲ್ಲ ಒಳ್ಳೆಯದು ಅನ್ನಲೂ ಬರುವುದಿಲ್ಲ. ಹಂಟಿಂಗ್ಟನ್ ಎಂಬ ನರರೋಗ ಐತಿ. ಒಂದು ವಂಶವಾಹಿಯಲ್ಲಿ ಸಿ ಎ ಜಿ ಎಂಬ ಮೂರಕ್ಷರ ಸಾಲಾಗಿ ಬರುತ್ತವೆ. ಇಪ್ಪತ್ತು ಚಿಲ್ಲರೆ ಸಲ ಬಂದರೆ ತೊಂದರೆ ಇಲ್ಲ. 40 ಸಲ ಅಥವಾ ಅದಕ್ಕೂ ಹೆಚ್ಚು ಬಂದರೆ ರೋಗ. ಟೆಲೊಮಿಯರ್ ಸವೆಯದಂತೆ ಮತ್ತೆ ಕಟ್ಟಿಕೊಳ್ಳುವ ಉಪಾಯ ಹೆಚ್ಚಿನ ಕ್ಯಾನ್ಸರ್ ಕೋಶಗಳಿಗೆ ಗೊತ್ತು. ಅದಕ್ಕೇ ಅವು ಸಾಯದೆ ಬೆಳೆಯುತ್ತವೆ. ಇನ್ನು ಕೆಲವು ತುಣುಕುಗಳು ತಮ್ಮ ನಕಲು ತಾವೇ ಮಾಡಿಕೊಂಡು ಪೋಥಿಯಲ್ಲಿ ಅಲ್ಲಿ ಇಲ್ಲಿ ಹೊಕ್ಕು ಕುಳಿತಿವೆ. ಅವು ಕುಣಿದಾಡಿದರೆ ಒಳ್ಳೆಯ ವಂಶವಾಹಿ ಕೆಡಬಹುದು. ಅದಕ್ಕೆ ಕೋಶವು ಅವನ್ನು ಕಟ್ಟಿಹಾಕಿ ಸುಮ್ಮನಿರಿಸಿರುತ್ತದೆ. ಆದ್ದರಿಂದ ಎಲ್ಲವೂ ಕಸ ಅನ್ನೋದೂ ಅವಸರ, ಎಲ್ಲವೂ ಬಂಗಾರ ಅನ್ನೋದೂ ಅವಸರ. ಒಂದೊಂದನ್ನೂ ನೋಡಿ ಹೇಳಬೇಕು.

ಈಗ ಮನೆಯ ಮಾತಿಗೆ ಬರುತ್ತೇನೆ. ಬಹಳ ಮನೆಗಳಲ್ಲಿ ಒಬ್ಬ ಮುದುಕಿ ಇರುತ್ತಾಳೆ. ದಿನಾ ರಾತ್ರಿ, "ದನಕ್ಕ ನೀರ ಕುಡಿಸಿರೇನು? ಬಾಗಲಾ ಹಾಕಿರೇನು?" ಅಂತ ಕೇಳುತ್ತಾಳೆ. ಮೊಮ್ಮಕ್ಕಳು, "ಎಷ್ಟ ಸಲ ಕೇಳ್ತಿ ಆಯಿ?" ಅಂತ ಬೇಸರ ಮಾಡುತ್ತಾರೆ. ಆಕೆಯ ಆ ಮಾತೇ ಮನೆಯ ಕುಸುಬಿ ಸಾಲು ಅಂತ ಅವರಿಗೆ ತಿಳಿಸಿ ಹೇಳಬಹುದು. ಆದರೆ ನನ್ನ ಪ್ರಶ್ನೆ ಅದರಾಚೆಗಿನದು. ನಾಳೆ ಆಕೆಗೆ ಮರೆವು ಬಂದು, ಒಂದೇ ತಾಸಿನಲ್ಲಿ ಹತ್ತು ಸಲ ಅದನ್ನೇ ಕೇಳತೊಡಗಿದಳು ಅನ್ನಿರಿ. ಆ ಕೇಳುವುದರಿಂದ ಮನೆಗೆ ಏನೂ ಉಪಯೋಗವಿಲ್ಲ. ಆಗ ಆಕೆ ಅಡಗಲು ಸಾಮಾನೇನು?

ಡಿಎನ್‌ಎಯ ಕೆಲಸ ಏನು ಅಂತ ವಿಜ್ಞಾನ ಹೇಳುತ್ತದೆ. ಮನುಷ್ಯರನ್ನು ಯಾಕೆ ಇಟ್ಟುಕೊಳ್ಳಬೇಕು ಅನ್ನುವುದನ್ನು ಅದರಿಂದ ಕಲಿಯಲು ಬರುವುದಿಲ್ಲ. ಉಪಯೋಗ ನೋಡಿ ಇಟ್ಟುಕೊಳ್ಳುವುದು ಕುಡಗೋಲು, ಕುರಪಿ. ಆಕೆ ನಮ್ಮನ್ನು ಇಟ್ಟುಕೊಂಡು ಸಾಕಿದಾಗ ನಮ್ಮಿಂದ ಏನು ಉಪಯೋಗವಿತ್ತು? ನಾವೂ ಅವತ್ತು ಒಂದೇ ಮಾತನ್ನು ನೂರು ಸಲ ಕೇಳಿದವರೇ. ಆಕೆ ಹತ್ತನೆಯ ಸಲ ಕೇಳಿದಾಗ, "ಹೂಂ ಆಯಿ, ಕುಡಿಸೀನಿ" ಅಂತ ಹತ್ತನೆಯ ಸಲ ಹೇಳಬೇಕು. ಆ ಮೇಳದಾಗ ಸೊಲ್ಲು ಹಿಡಿಯೋ ಪಾಳಿ ನಮ್ಮದು.